ಕಲ್ಲವ್ವನ ಕಣ್ಣು

ರೊಟ್ಟಿ ಬಡಿದು ಮಾರುವ ಕಲ್ಲವ್ವನನ್ನು ಅವಳ ಓಣಿಯ ಮತಗಟ್ಟೆಯ ಬಾಗಿಲಲ್ಲೇ ಗುತ್ತಿಗೆದಾರ ಶಿವಪುತ್ರಪ್ಪ ತಡೆದ. ಅವನ ತಮ್ಮನೇ ಚುನಾವಣೆಗೆ ನಿಂತಿದ್ದ.

"ಕಣ್ಣು ಕಾಣಂಗಿಲ್ಲ ಅಂತ ಹೇಳು. ಕುರುಡರ ಜೋಡಿ ಒಬ್ಬರು ಒಳಗ ಹೋಗಬಹುದು. ಬಟನ್ ನಾ ಒತ್ತತೀನಿ."

ಜೋಳದಲ್ಲಿನ ಸಣ್ಣ ಹರಳನ್ನೂ ಬಿಡದೆ ಆರಿಸುವ ಕಣ್ಣು ಅವಳದು. ಆದರೂ ಅವನ ಜೊತೆ ಒಳಗೆ ಹೋದಳು.

"ಏನಮ್ಮ, ಕಣ್ಣು ಕಾಣಲ್ವಾ?" ಅಧಿಕಾರಿ ಕೇಳಿದರು.

"ಎಲ್ಲಾ ಕಾಣತೈತ್ರಿ. ನಮ್ಮ ಓಣ್ಯಾಗ ಸಿಮೆಂಟ್ ರಸ್ತೆ ಮಾಡೀನಿ ಅಂತ ಇವರು ಬಿಲ್ ತಗೊಂಡಾರಲ್ಲ, ಅದೊಂದ ಕಾಣವಲ್ದು."

ಸಾಲಿನಲ್ಲಿದ್ದವರು ನಕ್ಕರು. ಅಧಿಕಾರಿ ಶಿವಪುತ್ರಪ್ಪನಿಗೆ ಬಾಗಿಲು ತೋರಿಸಿದರು.

"ಹುಷಾರ್ರೀ ಸಾವಕಾರ್ರ," ಎಂದಳು ಕಲ್ಲವ್ವ. "ಹೊರಗ ನೀವ ಮಾಡಿದ ರಸ್ತೆ ಐತಿ. ಯಾರದರ ಕೈ ಹಿಡಕೊಂಡು ನಡೀರಿ."