ಬಲೆಗುಡ್ಡದ ನಾಲ್ವರು

ನಮ್ಮೂರಿನ ಬಡಗಣಕ್ಕೆ, ಹಳೆಯ ಗಾಡಿದಾರಿ ಕಣಿವೆಯೊಳಕ್ಕೆ ಇಳಿಯುವಲ್ಲಿ, ಒಂಟಿಯಾಗಿ ನಿಂತಿರುವ ಗುಡ್ಡಕ್ಕೆ ಬಲೆಗುಡ್ಡ ಎಂದು ಹೆಸರು. ಮೈತುಂಬ ಕಾರೆ ಗಿಡ, ಜಾಲಿ. ಬೇಸಗೆಯಲ್ಲಿ ಮೇಕೆಗಳಿಗೂ ನೆರಳು ಸಾಲದು. ಮೀನು ನೋಡಬೇಕೆಂದರೆ ಸಂತೆಗೆ ಹೋಗಬೇಕಾದ ಈ ಸೀಮೆಯಲ್ಲಿ ಗುಡ್ಡಕ್ಕೆ ಬಲೆಯ ಹೆಸರು ಯಾಕೆಂದು ಹೊಸಬರು ನಗುತ್ತಾರೆ. ನಗಲಿ, ತಪ್ಪಿಲ್ಲ. ಇದು ಮೀನಿನ ಬಲೆಯಲ್ಲ, ಹಂದಿಯ ಬಲೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಕಣಿವೆಯ ಕಾವಲಿಗೆ ಚೌಡಪ್ಪನೆಂಬ ತಲವಾರನಿದ್ದನಂತೆ. ದಾರಿಹೋಕರನ್ನು ಕಳ್ಳಕಾಕರಿಂದ ಕಾಯುವುದು ಅವನ ಕೆಲಸ. ಆಳು ನಿಯತ್ತಿನವನು, ನಾಲಗೆ ಮಾತ್ರ ಬಹಳ ಕೆಟ್ಟದ್ದು. ಗುಡ್ಡದಾಚೆಯ ಹಟ್ಟಿಯ ಬೇಡರು ದೊರೆಯ ಮೀಸಲು ಕಾಡಿಗೆ ಕಾಲಿಟ್ಟರೆಂದು ಅವರ ಬೇಟೆಬಲೆಯನ್ನು ಕಸಿದು, ಮಳೆಗಾಲವೆಲ್ಲ ಕಾವಲುಕಟ್ಟೆಯಲ್ಲಿ ಕೊಳೆಹಾಕಿದ್ದನು. ಅಂದಿನಿಂದ ಹಟ್ಟಿಯವರಿಗೂ ಅವನಿಗೂ ಎಣ್ಣೆ ಸೀಗೇಕಾಯಿ. ಇದರ ಮೇಲೆ ದೊರೆಯ ಕಟ್ಟಪ್ಪಣೆ ಬೇರೆ: ಊಳಿಗದವನಲ್ಲದವನು ಕಣಿವೆಯಲ್ಲಿ ಮನುಷ್ಯನ ಮೇಲೆ ಆಯುಧವೆತ್ತಿದರೆ ಅವನ ಕೈ ಕಡಿಯುವುದು.

ಒಂದು ಮುಸ್ಸಂಜೆ ಹಟ್ಟಿಯ ಹಿರಿಯ ಕಾಟಯ್ಯ ತನ್ನವರೊಡನೆ ಬೇಟೆ ಮುಗಿಸಿ, ಹೊಸದಾಗಿ ಹೆಣೆದ ಬಲೆ ಹೊತ್ತು ಗುಡ್ಡ ಇಳಿಯುತ್ತಿದ್ದಾಗ ಕೆಳಗಿನಿಂದ ಕೂಗು ಕೇಳಿಬಂತು. ಬಗ್ಗಿ ನೋಡಿದರೆ ಮೂವರು ಕಳ್ಳರು ಚೌಡಪ್ಪನ ಮೇಲೆ ಬಿದ್ದಿದ್ದರು. ಅವನ ಕತ್ತಿ ದೂರ ಹಾರಿತ್ತು. ನಾಲ್ವರೂ ಧೂಳಿನಲ್ಲಿ ಉರುಳಾಡುತ್ತಿದ್ದರು. ಕಾಟಯ್ಯನ ತಮ್ಮ ಬಂಗಾರಯ್ಯ, "ಬಾರಣ್ಣ ಹೋಗಾನ. ಸಂಬ್ಳ ತಿನ್ನೋನು ಅವ್ನು, ಹೊಡ್ದಾಡ್ಲಿ. ನಮ್ ಬಲೆ ಕೊಳೆಸ್ದೋನಿಗಾಗಿ ನಮ್ ಕೈ ಯಾಕ್ ಕಳ್ಕೊಬೇಕು?" ಎಂದನು. ಕಾಟಯ್ಯ, "ಕೂಗಿದ್ದು ಕೇಳ್ಸೈತಲ್ಲ. ಕೇಳ್ಸಿದ್ ಮ್ಯಾಲೆ ಕಿವುಡ್ರಂಗೆ ಹೋದ್ರೆ ಹಟ್ಟಿಗೆ ಯಾವ್ ಮಖ ತಗಂಡು ಹೋಗಾನ?" ಎಂದನು. ಅಷ್ಟರಲ್ಲಿ ಅವನ ಅಳಿಯ ಸೂರಯ್ಯ ಬಿಲ್ಲಿಗೆ ಬಾಣ ಹೂಡಿಯಾಗಿತ್ತು. ಕಾಟಯ್ಯ ಬಿಲ್ಲನ್ನು ಕೆಳಕ್ಕೆ ಒತ್ತಿ, "ನಾಯಿ ಹಂದೀಗೆ ಬಿದ್ ಮ್ಯಾಲೆ ಬಾಣ ಬಿಡ್ತೀಯೇನಲೇ?" ಎಂದನಂತೆ. ಬೇಟೆಯಲ್ಲಿ ನಾಯಿ ಹಂದಿಯನ್ನು ಕಚ್ಚಿ ಹಿಡಿದ ಮೇಲೆ ಯಾರೂ ಬಾಣ ಬಿಡುವಂತಿಲ್ಲ, ನಾಯಿಗೆ ನಾಟೀತು. ಆಗ ಹಂದಿಯನ್ನು ಹಿಡಿಯಲು ಉಳಿಯುವುದು ಬಲೆಯೊಂದೇ.

ಬೇಡರು ಸದ್ದಿಲ್ಲದೆ ಇಳಿದು, ಕಳ್ಳರು ತಲವಾರ ಎಂದು ಭೇದವೆಣಿಸದೆ ನಾಲ್ವರ ಮೇಲೂ ಬಲೆ ಬೀಸಿ ಹಗ್ಗ ಬಿಗಿದರು. ಎದ್ದ ತಲೆಗೆಲ್ಲ ದೊಣ್ಣೆಯ ಪೂಜೆಯಾಯಿತು. ಮುಖಗಳಿಗೆಲ್ಲ ಧೂಳು ಮೆತ್ತಿತ್ತು, ಬೆಳಕೂ ಇಳಿದಿತ್ತು. "ನಾನು ತಲವಾರ, ಬಿಡ್ರೋ" ಎಂದು ಒಳಗಿನಿಂದ ಒಬ್ಬ ಕೂಗಿದ್ದೇ ತಡ, ಉಳಿದ ಮೂವರೂ "ನಾನು ತಲವಾರ" ಎಂದು ಕೂಗತೊಡಗಿದರು. ಕಳ್ಳರಿಗೂ ಬುದ್ಧಿಯಿರುತ್ತದೆ. ಕೊನೆಗೆ ದಣಿದು ಮೂವರು ಸುಮ್ಮನಾದರೂ ಒಬ್ಬನ ಬೈಗುಳ ಮಾತ್ರ ನಿಲ್ಲಲಿಲ್ಲ. ಅವನೇ ಚೌಡಪ್ಪನೆಂದು ತಿಳಿದು ಅವನನ್ನು ಬಿಡಿಸಿದರು.

ಸುದ್ದಿ ದೊರೆಗೆ ಮುಟ್ಟಿ ಎಲ್ಲರಿಗೂ ಕರೆ ಬಂತು. ಅಪ್ಪಣೆ ತಿಳಿದಿರಲಿಲ್ಲವೇ ಎಂದು ದೊರೆ ಕೇಳಿದಾಗ ಕಾಟಯ್ಯ ಎರಡೂ ಕೈ ಮುಂದೆ ಚಾಚಿ, "ತಿಳಿದಿತ್ತು ಬುದ್ಧಿ. ಕೈ ತಗಳ್ರಿ. ಬಾಣ ಮಾತ್ರ ಬಿಟ್ಟಿಲ್ಲ" ಎಂದನು. ಬಲೆ ಆಯುಧವೋ ಅಲ್ಲವೋ ಎಂದು ಮಂತ್ರಿಗಳು ವಾದಕ್ಕೆ ಕೂತರು. ತಲೆಗೆ ಬಟ್ಟೆ ಸುತ್ತಿದ್ದ ಚೌಡಪ್ಪ ಅದನ್ನೆಲ್ಲ ಕೇಳಲಾರದೆ ಮುಂದೆ ಬಂದನು. "ಇವ್ರು ಸುಮ್ನೆ ಹೋಗಿದ್ರೆ ನಾನು ಸಾಯ್ತಿದ್ದೆ ಬುದ್ಧಿ. ಬಾಣ ಬಿಟ್ಟಿದ್ರೂ ಸಾಯ್ತಿದ್ದೆ. ನನ್ ತಲೆ ಮ್ಯಾಲಿನ ಬುಗುಟು ಸೂರಯ್ಯಂದು, ಬೇಕಂತಲೇ ಹೊಡ್ದವ್ನೆ, ಅದು ನಂಗೊತ್ತು. ಆದ್ರೂ ಇವರ ಕೈ ಕಡಿಯಾದಾದ್ರೆ ಮೊದ್ಲು ನಂದು ಕಡೀರಿ" ಎಂದವನ ಕಣ್ಣಲ್ಲಿ ನೀರಾಡಿತಂತೆ. ಕಾವಲಿನವನ ಕೂಗು ಕೇಳಿದವನು ಆಯುಧದೊಡನೆ ಹೋಗಬಹುದು, ಆದರೆ ಯಾರು ಯಾರೆಂದು ತಿಳಿಯದೆ ಬಾಣ ಬಿಡಬಾರದು ಎಂದು ದೊರೆ ಅಪ್ಪಣೆಯನ್ನು ತಿದ್ದಿದನು. ಗುಡ್ಡವನ್ನು ಹಟ್ಟಿಯವರ ಬೇಟೆಗೆ ಬಿಟ್ಟುಕೊಟ್ಟನು. ಅಂದಿನಿಂದ ಅದು ಬಲೆಗುಡ್ಡವಾಯಿತು.

ಗುಡ್ಡದ ಬುಡದಲ್ಲಿ ಇಂದಿಗೂ ಒಂದು ಕಲ್ಲಿದೆ. ಸತ್ತವರಿಗೆ ನಿಲ್ಲಿಸುವ ವೀರಗಲ್ಲಲ್ಲ. ಬದುಕಿದವನು ತಾನೇ ನಿಂತು ಕೆತ್ತಿಸಿದ್ದು ಎನ್ನುತ್ತಾರೆ. ಬಲೆಯೊಳಗೆ ನಾಲ್ವರು ಕೂತಿದ್ದಾರೆ. ನೋಡಲು ಬಂದವರಿಗೆ ನಾನು, ಇವರಲ್ಲಿ ತಲವಾರ ಯಾರು ತೋರಿಸಿ ಎನ್ನುತ್ತೇನೆ. ಹೋದ ವರ್ಷ ಬಂದಿದ್ದ ಒಬ್ಬ ಸಬ್ ಇನ್‌ಸ್ಪೆಕ್ಟರು ಬಹಳ ಹೊತ್ತು ನೋಡಿ, ಬೆರಳು ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡರು. ನಾಲ್ಕೂ ಮುಖ ಒಂದೇ ಅಚ್ಚು. ತಲವಾರನಿಗೆ ಮೀಸೆ ದೊಡ್ಡದು ಮಾಡುತ್ತೇನೆಂದು ಕಲ್ಲುಕುಟಿಗ ಹೊರಟಾಗ ಚೌಡಪ್ಪನೇ ಅವನ ಕೈ ಹಿಡಿದನಂತೆ: "ಬ್ಯಾಡಪ್ಪ. ಅವತ್ತು ಕಾಟಯ್ಯಂಗೆ ಹೆಂಗೆ ಕಂಡಿದ್ನೋ ಹಂಗೇ ಕೆತ್ತು."