ಹೂಂ ಎನ್ನುತ್ತಿದ್ದ ನೇಕಾರ

"ಗುರುಗಳೇ, ನೆನಪು ಹೋದವರ ಮಾತಿಗೆ ದಿನಕ್ಕೆ ಎಷ್ಟು ಸಲ ಉತ್ತರ ಕೊಡಬೇಕು?"

ಕೇಳಿದ ಶಿಷ್ಯ ಮಠದ ಹಳೆಯ ಅಡುಗೆಯವರನ್ನು ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಆ ಹಿರಿಯರು ಉಂಡು ಕೈ ತೊಳೆದ ಮೇಲೂ ಊಟ ಕೇಳುತ್ತಿದ್ದರು. ಶಿಷ್ಯನಿಗೆ ಸಿಟ್ಟು ಮಾಡಿಕೊಳ್ಳಲೂ ತ್ರಾಣ ಉಳಿದಿರಲಿಲ್ಲ.

ಗುರುಗಳು ಅವನನ್ನು ಕೂರಿಸಿ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿಗೆ ಮರೆವಿನ ಕಾಯಿಲೆ ಬಂತು. "ಅಪ್ಪ ಬಂದಿದ್ದಾರೆ, ಬಾಗಿಲು ತೆಗೀರಿ" ಎನ್ನುವಳು. ಅವಳ ಅಪ್ಪ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಮೊದಲ ವರ್ಷ ನೇಕಾರ ಪ್ರತಿ ಸಲವೂ ಮಗ್ಗದಿಂದ ಎದ್ದು, ಬಾಗಿಲು ತೆಗೆದು ತೋರಿಸಿದ. ಎರಡನೆಯ ವರ್ಷ ಕೂತಲ್ಲಿಂದಲೇ ತಿಳಿಸಿ ಹೇಳಿದ. ಮೂರನೆಯ ವರ್ಷ "ಹೂಂ" ಎಂದ. ಲಾಳಿ ಆಚೆ ಹೋಗಿ ಈಚೆ ಬರುವಷ್ಟರಲ್ಲಿ ಒಂದು ಹೂಂ ಮುಗಿಯುತ್ತಿತ್ತು. ಕೈ ನಿಲ್ಲಿಸಬೇಕಾಗಿರಲಿಲ್ಲ.

ಅವನನ್ನು ಕೆಟ್ಟವನೆನ್ನಬೇಡ. ಅವಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದವನೂ ಅವನೇ, ತಲೆ ಬಾಚುತ್ತಿದ್ದವನೂ ಅವನೇ.

ಒಂದು ದಿನ ಅವಳು, "ಪಕ್ಕೆಗೆ ಯಾರೋ ಕೆಂಡ ಇಟ್ಟಿದ್ದಾರೆ" ಎಂದಳು. ಹೂಂ ಎಂದ. ಮರುದಿನವೂ ಹೇಳಿದಳು. ಹೂಂ ಎಂದ. ಐದನೆಯ ದಿನ ಹೇಳುವುದನ್ನು ಬಿಟ್ಟಳು. ಅವನಿಗೆ ಸಮಾಧಾನವಾಯಿತು.

ವಾರಕ್ಕೊಮ್ಮೆ ಅವಳಿಗೆ ನೀರೆರೆಯಲು ಪಕ್ಕದ ಮನೆಯ ಹೆಂಗಸು ಬರುತ್ತಿದ್ದಳು. ಆ ವಾರ ಬಂದವಳು ಬಚ್ಚಲಿನಿಂದಲೇ ಕೂಗಿದಳು.

"ಅಣ್ಣಾ, ನಿನ್ನ ಹೂಂ ಸುಡಲಿ! ಮಗ್ಗ ಬಿಟ್ಟು ಇಲ್ಲಿ ಬಾ."

ಬೆನ್ನಿನಿಂದ ಎದೆಯ ಕೆಳಗಿನವರೆಗೆ, ಒಂದೇ ಮಗ್ಗುಲಲ್ಲಿ, ನೀರ್ಗುಳ್ಳೆಗಳು ಪಟ್ಟಿಯಂತೆ ಎದ್ದಿದ್ದವು. ಕೆಲವು ಒಡೆದು ಬಟ್ಟೆಗೆ ಅಂಟಿದ್ದವು.

"ಸರ್ಪಸುತ್ತು" ಎಂದಳು ಆ ಹೆಂಗಸು.

ಸರ್ಪದ ತಲೆಗೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲ ಎಂದು ನೇಕಾರ ಕೇಳಿದ್ದ. ಸಾಲಿನ ಎರಡು ತುದಿಗಳ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಗೇಣು ಹಾಕಿ ನೋಡಿದ. ಆಮೇಲೆ ಅವಳನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದ.

ವೈದ್ಯರು ಹೇಳಿದರು: "ಇದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿರುತ್ತದೆ, ಜನ ಅಮ್ಮ ಅನ್ನುತ್ತಾರಲ್ಲ, ಅದೇ ವೈರಸ್. ಇಷ್ಟು ವರ್ಷ ನರದಲ್ಲಿ ಅಡಗಿದ್ದು ಈಗ ಎದ್ದಿದೆ. ಮೊದಲು ಉರಿ, ಗುಳ್ಳೆ ಆಮೇಲೆ. ಗುಳ್ಳೆ ಕಂಡ ಎರಡು ಮೂರು ದಿನದೊಳಗೆ ಬಂದಿದ್ದರೆ ಔಷಧ ಚೆನ್ನಾಗಿ ಹಿಡಿಯುತ್ತಿತ್ತು. ಈಗ ಗಾಯ ಒಣಗುತ್ತದೆ. ನೋವು ತಿಂಗಳುಗಟ್ಟಲೆ ಉಳಿಯಬಹುದು."

ನಂತರ ಅವಳ ಕಡೆಗೆ ತಿರುಗಿದರು. "ಇಷ್ಟು ಉರಿ ಇಟ್ಟುಕೊಂಡು ಒಂದು ಮಾತು ಹೇಳಬಾರದಿತ್ತೇ ತಾಯಿ?"

"ಯಾರಿಗೆ ಹೇಳಲಿ ಮಗಾ?" ಎಂದಳು. "ಮನೆಯಲ್ಲಿ ಯಾರೂ ಇರಲಿಲ್ಲ."

ನೇಕಾರ ಅವಳ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರು ಬಿಟ್ಟ. "ಪಾಪ, ಗಂಡ ಮನೆಯಲ್ಲೇ ಇದ್ದದ್ದೂ ಅವಳಿಗೆ ಮರೆತುಹೋಗಿತ್ತು."

"ಇಲ್ಲಪ್ಪ," ಎಂದರು ಗುರುಗಳು, "ಆ ಒಂದು ವಾರವನ್ನು ಅವಳು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದಳು."