ಕಾಶವ್ವನ ಕೈಯಾಗಿನ ಭರ್ಚಿ

"ಅಜ್ಜಾರ, ಈಗ ಏನಾತು ಅಂದ್ರ ನೀವು ನಂಬೂದಿಲ್ಲ. ನನಗ ನಂಬಿಕಿ ಬರವಲ್ದು."

ಹೊಳಿದಂಡಿ ಮಠದ ಶಿಷ್ಯ ಕರಿಬಸವ ಹಿಂಗಂತ ಓಡಿ ಬಂದ. ಕೈಯಾಗ ಇಂಗ್ಲಿಷರ ಕುದುರಿ ಸಿಪಾಯಿಗಳ ಭರ್ಚಿ. ಅವನಕಿಂತ ಒಂದೂವರಿ ಪಟ್ಟು ಉದ್ದ. ಬಿದಿರಿನ ಕೋಲು, ತುದಿಗೆ ಉಕ್ಕಿನ ಮೊನಿ, ಮೊನಿ ಕೆಳಗ ಕೆಂಪು-ಬಿಳಿ ಬಾವುಟ.

ಗುರುಗಳು ನೀರಾಗ ನಿಂತು ಪಂಜೆ ಹಿಂಡಾಕತ್ತಿದ್ರು. "ಉಸಿರು ತಗೊಂಡು ಹೇಳು," ಅಂದ್ರು.

ಅವ ಉಸಿರು ತಗೊಳ್ಳಲಿಲ್ಲ.

"ನೇಕಾರ ಕಾಶವ್ವ ಬಯಲಾಗ ಗೂಟ ಬಡದು ಹಾಸಿನ ನೂಲು, ಸೀರಿ ಉದ್ದಕ್ಕ ಬರೋ ಎಳಿ, ಕಟ್ಟಿದ್ಲು. ಮಗಳ ಮದುವಿ ಸೀರಿದು. ಗಂಜಿ ಹಚ್ಚಿ ಒಣಗಾಕ ಬಿಟ್ಟಿದ್ಲು. ದಂಡಿನವರು ಮೂರು ಮಂದಿ ಬಂದ್ರು. ಓಡೋ ಕುದುರಿ ಮ್ಯಾಲಿಂದ ಭರ್ಚಿಲೆ ಡೇರೆ ಗೂಟ ಕೀಳೋದು ಅವರ ಆಟ ಅಲ್ಲೇನು? ಆ ಆಟಾನ ಕಾಶವ್ವನ ಗೂಟಕ್ಕ ಆಡಿದ್ರು. ಒಬ್ಬ ಕಿತ್ತ, ನಕ್ಕ. ಇನ್ನೊಬ್ಬ ಕಿತ್ತ. ಮೂರನೇದವನ ಭರ್ಚಿ ನೂಲಾಗ ಸಿಕ್ಕೊಂತು, ಕುದುರಿ ಕಾಲಿಗೂ ಸುತ್ತಿತು, ದಪ್ಪಂತ ಬಿದ್ದ. ಕಾಲು ಮುರದೈತಿ. ಉಳಿದಿಬ್ರು ಹಿಂದ ನೋಡದ ಹೋಗ್ಯಾರ."

"ನೀ ಏನು ಮಾಡಿದಿ?"

"ಭರ್ಚಿ ಕಸಗೊಂಡು ಅವನ ಎದಿಗೆ ಹಿಡದೆ. ಚುಚ್ಚೇಬಿಡ್ತಿದ್ದೆ. ನಿಮ್ಮ ಅಪ್ಪಣಿ ಕೇಳೂನಂತ ಬಂದೆ."

"ಓಡಿ ಹೋಗಿಲ್ಲೇನು ಅವ?"

"ಕಾಲು ಮುರದೈತಿ ಅಂದೆನಲ್ರಿ."

"ಹಂಗಾರ ಪುರಸೊತ್ತು ಐತಿ. ಕಾಶವ್ವ ಏನಂದ್ಲು?"

"ಅಕಿನ್ನ ಎಲ್ಲಿ ಕೇಳ್ಲಿ? ನನ್ನ ರಕ್ತ ಕುದಿಯಾಕತ್ತಿತ್ತು. ಈಗೂ ಕುದಿಯಾಕತ್ತೈತಿ. ಹೂಂ ಅನ್ರಿ ಅಜ್ಜಾರ."

"ನಡಿ. ಅಲ್ಲೇ ಅಂತೀನಿ."

ಗುರುಗಳ ಕಣ್ಣೂ ಕೆಂಪಾಗಿದ್ದು ನೋಡಿ ಕರಿಬಸವನ ಕಾಲಿಗೆ ಬಲ ಬಂತು.

ಬಯಲಾಗ ಸಿಪಾಯಿ ಹಲ್ಲು ಕಚ್ಚಿ ಬಿದ್ದಿದ್ದ. ಕಾಶವ್ವ ಕುಕ್ಕರಗಾಲಿಲೆ ಕುಂತು ಹರದ ಎಳಿ ಹೆಕ್ಕಾಕತ್ತಿದ್ಲು. ಕರಿಬಸವನ್ನ ಕಂಡು ಉರದುಬಿದ್ಲು.

"ಬಂದೇನು, ಶೂರ? ಅಲ್ಲೇ ನಿಲ್ಲು. ಎಳಿ ತುಳದಿ ಅಂದ್ರ ನಿನ್ನ ಕಾಲೂ ಮುರದು ಇವನ ಬಾಜೂಕ ಮಲಗಿಸ್ತೀನಿ."

"ನಾ ಏನು ಮಾಡ್ದೆ ಅಕ್ಕಾ?"

"ಇವ ಬಿದ್ದಾಗ ಈ ಅಂಚು ಹರೀತು. ಉಳದದ್ದು ಭರ್ಚಿಗೆ ಸುತ್ತಿತ್ತು, ಬಿಡಿಸ್ತಿದ್ದೆ. ನಿಲ್ಲೋ, ನಿಲ್ಲೋ ಅಂತ ಒದರಿದೆ. ನೀ ಜಗ್ಗಿ ಕಿತಗೊಂಡು ಓಡಿದಿ. ನಡುವಿಂದು ಪೂರಾ ಅವಾಗ ಹರದದ್ದು."

ಕರಿಬಸವ ಭರ್ಚಿ ನೋಡಿದ. ಬಾವುಟದ ಬುಡಕ್ಕ ನೂಲಿನ ಚೂರು ಜೋತಾಡಾಕತ್ತಿದ್ವು.

"ನಿನ್ನ ಸಲುವಾಗೇ..." ಅಂದ.

"ನನ್ನ ಸಲುವಾಗಿ ಆಗಿದ್ರ ನನ್ನ ಮಾತು ಕೇಳ್ತಿದ್ದಿ."

ಗುರುಗಳು ಅವನ ಕೈಯಿಂದ ಭರ್ಚಿ ತಗೊಂಡು ಕಾಶವ್ವಗ ಕೊಟ್ರು.

"ತಗೋ ತಂಗೀ. ಹಾಸು ಹರದವರು ಇಬ್ರೂ ಇಲ್ಲೇ ಅದಾರ. ನಿನಗ ತಿಳದಂಗ ಮಾಡು."

ಮೊನಿ ಸಿಪಾಯಿ ಎದಿಗೆ ಬಂತು. ಅವ ಕಣ್ಣು ಮುಚ್ಚಿದ. ಆಮ್ಯಾಲ ಕರಿಬಸವನ ಕಡೆ ಹೊಳ್ಳಿತು. ಅವ ಹಿಂದ ಸರದ. ಕಾಶವ್ವ ಸಿಟ್ಟಿಲೆ ಭರ್ಚಿ ಮ್ಯಾಲೆತ್ತಿದ್ಲು.

ಚುಚ್ಚಿದ್ಲು. ಗೂಟ ಕಿತ್ತ ತೆಗ್ಗಿಗೆ, ಆಳಕ್ಕ. ಉಳದ ಎಳಿ ಅದಕ್ಕ ಬಿಗದ್ಲು. ಒಂದು ತುದಿ ಸಿಪಾಯಿ ಕೈಗೆ ತುರುಕಿದ್ಲು.

"ಮುರದದ್ದು ಕಾಲು, ಕೈ ಅಲ್ಲ. ಬಿಗಿ ಹಿಡಿ."

ಮಾತು ತಿಳೀಲಿಲ್ಲ, ಆದ್ರೂ ಹಿಡದ. ಗುರುಗಳು ಅವನ ಕಾಲಿಗೆ ಪಂಜೆ ಸುತ್ತಾಕ ಕುಂತ್ರು. ಇನ್ನೊಂದು ತುದಿ ಕರಿಬಸವನ ಮಾರಿಗೆ ಬಂದು ಬಿತ್ತು. "ಹರದ ಎಳಿ ಒಂದೊಂದ ಗಂಟು ಹಾಕು," ಅಂದ್ಲು.

ನೂರು ಗಂಟು ಹಾಕಿದ ಮ್ಯಾಲ ಅವನಿಗೆ ತಡಿಯಾಕ ಆಗಲಿಲ್ಲ.

"ಅಜ್ಜಾರ, ಆ ಸಿಪಾಯಿನ್ನ ಹಂಗ ಬಿಟ್ಲಲ್ಲ ಅಕಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಅಕಿದೂ ಇಳಿದಿಲ್ಲ," ಅಂದ್ರು ಗುರುಗಳು. "ಅಕಿ ಜಾಗಾದಾಗ ನೀ ಇದ್ದಿದ್ರ, ಇಬ್ಬರಾಗ ಮೊದ್ಲು ಯಾರಿಗೆ ಚುಚ್ತಿದ್ದಿ, ಹೇಳು?"